ಅವ್ವನ ಕಾಡುಮಣ್ಣು, ಅಜ್ಜಿಯ ಕೆರೆಗೋಡು

ಫೇಸ್‌ಬುಕ್ಕಿನಲ್ಲಿ ಒಂದು ದಾಸವಾಳದ ಫೋಟೋ ಹಾಕಿ ನೋಡಿ. ಹೂವು ಚೆನ್ನಾಗಿದೆ ಅನ್ನುವವರು ನಾಲ್ಕು ಜನ, ಯಾವ ಮಣ್ಣು ಹಾಕಿದ್ದೀರಿ ಅನ್ನುವವರು ನಲವತ್ತು ಜನ. ನಾನು ಉತ್ತರ ಬರೆಯುವ ಮೊದಲೇ ಯಾರೋ ಒಬ್ಬರು ಓಡಿ ಬಂದು, ‘ಬೆಟ್ಟದ ಕಾಡುಮಣ್ಣು ಹಾಕಿ, ಕಣ್ಣು ಮುಚ್ಚಿಕೊಂಡು ಹಾಕಿ’ ಎಂದು ಬರೆದಿರುತ್ತಾರೆ. ಸ್ವಾಮಿ, ಹಾಗೆ ಕಣ್ಣು ಮುಚ್ಚಿಕೊಂಡು ಹಾಕಿದವರ ಮನೆಯಲ್ಲಿ ಬೆಳೆದವಳು ನಾನು. ಹಾಕಿದವಳು ನಮ್ಮವ್ವ. ಆ ಮಣ್ಣಿನ ಗುಣವೇನು, ಅದು ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನುವುದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಒಂದಿಡೀ ಬೇಸಿಗೆ ಗುಂಡಿಯೊಳಗೆ ಇಳಿದು, ಅಂಗೈ ಬೊಬ್ಬೆ ಬರಿಸಿಕೊಂಡು ತಿಳಿದದ್ದು.

ಹೊನ್ನವಳ್ಳಿಗೆ ಬಸ್ಸಿಳಿದು ಅರ್ಧ ಗಂಟೆ ನಡೆದರೆ ನಮ್ಮ ಮನೆ. ಮನೆ ಅನ್ನುವುದಕ್ಕಿಂತ ತೆಂಗಿನಕಾಯಿಗಳ ಕೆಳಗೆ ನಮಗೂ ಸ್ವಲ್ಪ ಜಾಗ ಬಿಟ್ಟಿದ್ದರು ಅನ್ನುವುದು ಸರಿ. ನಡುಮನೆಯ ತಲೆಯ ಮೇಲೆ ಉದ್ದಕ್ಕೂ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆಂದು ಪೇರಿಸಿಟ್ಟ ಕಾಯಿ. ಒಂದು ವರ್ಷ ಅವು ಅಲ್ಲೇ ಇರಬೇಕು, ಒಳಗಿನ ನೀರು ಇಂಗಿ, ತಿರುಳು ಕರಟ ಬಿಡಬೇಕು. ಅಡುಗೆಮನೆಯ ಹೊಗೆ ಅಟ್ಟದ ಸಂದಿಯಲ್ಲಿ ನುಗ್ಗಿ ಹಂಚಿನಿಂದ ಆಚೆ ಹೋಗುತ್ತಿತ್ತು. ನಮ್ಮ ಬಟ್ಟೆ, ಕೂದಲು, ನನ್ನ ಸ್ಕೂಲ್ ಬ್ಯಾಗು ಎಲ್ಲಕ್ಕೂ ಅದೇ ವಾಸನೆ. ಅಜ್ಜಿ, ಅಂದರೆ ನಮ್ಮಪ್ಪನ ತಾಯಿ, ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ಮೂರು ಗೆರೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸುವವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಪೂಜೆ ಮುಗಿದ ಮೇಲೆ ಜೋರಾಗಿ ಮಾತಾಡುವವಳು ಅವಳೊಬ್ಬಳೇ.

ಆ ಮನೆಯಲ್ಲಿ ಒಂದೊಂದು ಮಣ್ಣಿಗೂ ಒಂದೊಂದು ಕೆಲಸ ಹಂಚಿಕೆಯಾಗಿತ್ತು. ಒಲೆಗೆ, ಒಲೆಯ ಕಟ್ಟೆಗೆ ಕೆಮ್ಮಣ್ಣು. ಹಿತ್ತಲ ಗೋಡೆ ಬಿರಿದರೆ ಹುತ್ತದ ಮಣ್ಣು. ತೋಟಕ್ಕೆ ಗೋಡು. ಗೋಡು ಅಂದರೆ ಕೆರೆಯ ತಳದಲ್ಲಿ ಕೂತ ಕಪ್ಪು ಮೆಕ್ಕಲು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿ ಹೊಡೆದು ತೆಂಗಿನ ಬುಡಕ್ಕೆ ಹಾಕುವುದು ನಮ್ಮ ಸೀಮೆಯಲ್ಲಿ ಹಬ್ಬ ಮಾಡಿದಷ್ಟೇ ಖಾಯಂ. ಗೋಡು ಹಾಕದ ತೋಟದವನನ್ನು ಅಜ್ಜಿ ಮನುಷ್ಯರ ಲೆಕ್ಕದಲ್ಲೇ ಇಡುತ್ತಿರಲಿಲ್ಲ.

ಅವ್ವನ ತವರು ಚಿಕ್ಕನಾಯಕನಹಳ್ಳಿಯಿಂದಾಚೆ, ಬೆಟ್ಟದ ಬುಡದಲ್ಲಿ. ಅಲ್ಲಿ ಮಾವನ ಹೊಲದ ಮೇಲಂಚಿನಲ್ಲಿ ಒಂದು ಕೊರಕಲು ಇತ್ತು. ಮೇಲಿನ ಕಾಡಿನಿಂದ ಮಳೆ ಇಳಿದಾಗಲೆಲ್ಲ ಎಲೆ ಕೊಳೆತ ಮಣ್ಣು ಅದರೊಳಗೆ ಬಂದು ನಿಲ್ಲುತ್ತಿತ್ತು. ಮೆಣಸಿನ ಪಾತಿ, ಅರಿಸಿನ, ಬಾಗಿಲ ಮುಂದಿನ ಮಲ್ಲಿಗೆ, ಏನೇ ಇದ್ದರೂ ಆ ಮನೆಯವರು ಒಂದು ಬಿದಿರಿನ ಪುಟ್ಟಿ ಹಿಡಿದು ಆ ಕೊರಕಲಿಗೆ ಓಡುತ್ತಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವ್ವ ತವರಿಗೆ ಹೋಗಿ ಬಂದಳು. ಮಡಿಲಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಕುಪ್ಪಸದ ಬಟ್ಟೆ ಎಲ್ಲ ಇತ್ತು. ಬಸ್ಸಿನ ಟಾಪಿನಿಂದ ಇಳಿದ ಮೂರು ಮೂಟೆಯೂ ಗಾಡಿಯಲ್ಲಿ ಮನೆಗೆ ಬಂದವು. ರಾಗಿಯೋ ಹುರುಳಿಯೋ ಇರಬೇಕು ಅಂದುಕೊಂಡು ಅಜ್ಜಿ ಕೈ ಹಾಕಿದಳು. ಕೈ ಹೊರಗೆ ತೆಗೆದಾಗ ಉಗುರು ಸಂದಿಯಲ್ಲಿ ಕಂದುಕಪ್ಪು ಮಣ್ಣು.

“ಏನೇ ಇದು, ಗಂಗಾ? ನಮ್ಮೂರಲ್ಲಿ ಮಣ್ಣಿಗೇನ್ ಬರ ಬಂದಿತ್ತಾ?”

“ಬೆಟ್ಟದ್ ಮಣ್ಣು ಕಣತ್ತೆ. ಸಸಿ ಮಾಡಾನ ಅಂತ.”

“ತವರಿನೋರು ಮಗಳಿಗೆ ಸೀರೆ ಕೊಟ್ಟು ಕಳುಸ್ತಾರೆ. ನಿಮ್ಮಣ್ಣ ಗುಂಡಿ ತೋಡಿ ಕಳ್ಸವ್ನೆ!”

ಬಚ್ಚಲ ಪಕ್ಕದ ಅಂಗಳದಲ್ಲಿ ಅವತ್ತು ಸಂಜೆ ನಡೆದದ್ದು ಜಗಳವೋ ಪರೀಕ್ಷೆಯೋ ನನಗೆ ಇವತ್ತಿಗೂ ತಿಳಿಯದು. ಅಜ್ಜಿ ಒಂದು ಹಿಡಿ ಗೋಡು ತರಿಸಿ, ನೀರು ಚಿಮುಕಿಸಿ, ನಾದಿ, ಹೊಸೆದು, ಬಳೆ ಮಾಡಿ ನನ್ನ ಕೈಗೆ ತೊಡಿಸಿದಳು. ಬಳೆ ಮುರಿಯಲಿಲ್ಲ. ಆಮೇಲೆ ಕಾಡುಮಣ್ಣನ್ನು ಹೊಸೆಯಲು ನೋಡಿದಳು. ಅದು ಹುರಿಹಿಟ್ಟಿನ ಹಾಗೆ ಬೆರಳ ಸಂದಿಯಲ್ಲಿ ಉದುರಿತು. ಒಳಗೆ ಎಲೆಯ ನರಗಳು, ಬಿಳಿ ದಾರದಂಥ ಬೂಷ್ಟು, ಒಂದು ಎರೆಹುಳು.

“ಬಳೆ ಆಗ್ದಿರೋ ಮಣ್ಣು ಮಣ್ಣೇನೇ? ನಾಕ್ ದಿನ ಬುಟ್ಟು ನೋಡು, ಗಾಳಿಗ್ ಹಾರೋಯ್ತದೆ.”

ಅವ್ವ ನೆಲಕ್ಕೆ ಕೂತಳು. ಎರಡೂ ಮಣ್ಣನ್ನು ಎರಡು ಗುಡ್ಡೆ ಮಾಡಿ, ನೆತ್ತಿಯಲ್ಲಿ ಹೆಬ್ಬೆರಳಿಂದ ಕುಳಿ ಒತ್ತಿ, ಒಂದೊಂದು ಲೋಟ ನೀರು ಹೊಯ್ದಳು. ಗೋಡಿನ ಮೇಲೆ ನೀರು ಕನ್ನಡಿಯ ಹಾಗೆ ನಿಂತಿತು. ಕಾಡುಮಣ್ಣು ಅದನ್ನು ಗುಟುಕ್ಕನೆ ಕುಡಿಯಿತು.

“ನೋಡಿ ಅತ್ತೆ. ಬೇರು ಉಸಿರಾಡೋದು ಇದ್ರಾಗೆ. ನಿಮ್ ಗೋಡಲ್ಲಿ ಎಳೇ ಬೇರಿಗೆ ಉಸಿರ್ ಕಟ್ತದೆ.”

“ಉಸಿರ್ ಕಟ್ಟಿದ್ರೆ ನಮ್ ಮಾವ ಹಾಕಿದ್ ತೆಂಗು ಹಿಂಗ್ ನಿಂತಿರ್ತಿತ್ತಾ? ಸುಮ್ಕಿರು.”

ಇಬ್ಬರ ಮಾತೂ ನಿಜವಾಗಿತ್ತು. ಅದನ್ನು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಹೆಂಡತಿಗೂ ತಾಯಿಗೂ ಮಾತು ಹತ್ತಿದಾಗ ಅವನ ಕಿವಿಗೆ ಯಾವಾಗಲೂ ಕಡಿತ.

ಅವ್ವ ಬಚ್ಚಲ ನೀರು ಹರಿಯುವ ಕಡೆ, ನುಗ್ಗೆಮರದ ನೆರಳಲ್ಲಿ, ಆ ಮೂರು ಮೂಟೆ ಹರಡಿ ಸಸಿಮಡಿ ಮಾಡಿದಳು. ಅಟ್ಟಕ್ಕೆ ಹೋಗಬೇಕಿದ್ದ ಕಾಯಲ್ಲಿ ನಲವತ್ತು ಬಿತ್ತನೆಕಾಯಿ ಆರಿಸಿ, ಮುಕ್ಕಾಲು ಹುಗಿದು, ಮೇಲೆ ತೆಂಗಿನಗರಿ ಹೊದಿಸಿದಳು. ಒಂದು ವರ್ಷ. ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲು ಅಲ್ಲಿಗೆ ಹೋಗಿ ನಿಲ್ಲುವುದು ನನ್ನ ಅಭ್ಯಾಸವಾಯಿತು. ಮೊಳಕೆ ಬಂತು, ಎರಡೆಲೆ ಆಯಿತು, ನಾಲ್ಕಾಯಿತು. ಕೀಳುವ ದಿನ ಅಪ್ಪನೂ ಬಂದು ನಿಂತ. ಅವ್ವ ಒಂದು ಸಸಿಯ ಕಾಯಿಗೆ ಎರಡೂ ಕೈ ಕೊಟ್ಟು ಮೆಲ್ಲಗೆ ಎತ್ತಿದಳು. ಗೋಡಿನ ಮಡಿಯಾದರೆ ಹಾರೆ ಹಾಕಿ ಮೀಟಬೇಕು, ಅರ್ಧ ಬೇರು ಅಲ್ಲೇ ಕಿತ್ತು ಉಳಿಯುತ್ತದೆ. ಇದು ಕಜ್ಜಾಯ ಎಣ್ಣೆಯಿಂದ ಎದ್ದ ಹಾಗೆ ಎದ್ದಿತು. ಬಿಳಿ ಬೇರು, ಒಂದೂ ಹರಿದಿರಲಿಲ್ಲ. ಮೂವತ್ತೆರಡು ಸಸಿ ನೆಡುವ ಹಾಗಿದ್ದವು. ಅಪ್ಪ ಒಂದನ್ನು ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

“ಮೂಲೆ ತುಂಡಿಗೆ ಹಾಕು. ನಿನ್ ಸಸಿ, ನೀನೇ ಗುಂಡಿ ತೆಗ್ಸು, ನಿಂಗೆ ಹೆಂಗ್ ಬೇಕೋ ಹಂಗೆ ಹಾಕು. ನಾನ್ ಬಾಯಾಕಲ್ಲ.”

ಓದುವವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಆ ಮನೆಯಲ್ಲಿ ಸೊಸೆಯಂದಿರು ಕಳೆ ಕೀಳುತ್ತಿದ್ದರು, ಗೊಬ್ಬರ ಹೊರುತ್ತಿದ್ದರು, ಕಾಯಿ ಆಯುತ್ತಿದ್ದರು. ಎಲ್ಲಿ ಏನು ಹಾಕಬೇಕು ಅನ್ನುವುದನ್ನು ಯಾವ ಸೊಸೆಯೂ ಹೇಳಿರಲಿಲ್ಲ. ನಮ್ಮಜ್ಜಿಯೂ ಹೇಳಿದ್ದು ತಾತ ಹೋದ ಮೇಲೆ. ಅವ್ವನಿಗೆ ಗಂಡ ಬದುಕಿರುವಾಗಲೇ ಒಂದು ತುಂಡು ನೆಲದ ಮಾತು ಸಿಕ್ಕಿತ್ತು. ಅದನ್ನು ಅವಳು ಎರಡೂ ಕೈಯಲ್ಲಿ ಹಿಡಿದಳು. ಬಿಗಿಯಾಗಿಯೇ ಹಿಡಿದಳು.

ಅಲ್ಲೇ ತಪ್ಪಿದ್ದು. ಮೂಲೆ ತುಂಡಿನಲ್ಲಿ ಎದೆಮಟ್ಟದ ಮೂವತ್ತೆರಡು ಗುಂಡಿ ತೆಗೆಸಿದ ಮೇಲೆ ಅಜ್ಜಿ, ಅವಳ ಮಟ್ಟಿಗೆ ಮೆದುವಾಗಿಯೇ, ಹೇಳಿದಳು.

“ಅರ್ಧ ನಿನ್ ಮಣ್ಣು ಹಾಕ್ಕೊ, ಅರ್ಧ ಗೋಡು ಬೀಳ್ಲಿ. ನೆಲಕ್ಕೂ ನಂಟಸ್ತನ ಬೇಕಾಯ್ತದೆ ಕಣೇ.”

“ಬೇಡ ಅತ್ತೆ. ಒಂದ್ ಬಾಂಡ್ಲಿ ಗೋಡೂ ಬೀಳ್ಬಾರ್ದು. ಅರ್ಧ ಹಾಕುದ್ರೆ ನಾಳೆ ಮರ ಎದ್ದಾಗ ಗೋಡಿಂದ ಎದ್ದದ್ದು ಅಂತೀರ.”

ಅವ್ವನ ಮನಸ್ಸಿನಲ್ಲಿದ್ದದ್ದು ಹಾಗೆ ಬಾಯಿಗೆ ಬಂದುಬಿಟ್ಟಿತು. ಅಜ್ಜಿ ಸೆರಗು ಕೊಡವಿ ಒಳಗೆ ಹೋದಳು.

ಮಣ್ಣು ತಂದವನು ರಹಮತ್. ತಿಪಟೂರಿನಲ್ಲಿ ಗ್ಯಾರೇಜು ಇಟ್ಟಿದ್ದ, ಅವನದೇ ಒಂದು ಹಳೆಯ ಟೆಂಪೋ ಇತ್ತು. ಮಾವನ ಕೊರಕಲಿನಿಂದ ಹದಿನೈದು ಇಪ್ಪತ್ತು ಟ್ರಿಪ್ ಹೊಡೆದ. ಮೊದಲ ಟ್ರಿಪ್ಪಿಗೆ ಟೆಂಪೋ ಹಿಂದಿನ ಬಾಗಿಲು ತೆಗೆದು, ಸೊಂಟಕ್ಕೆ ಕೈ ಕೊಟ್ಟು ನಕ್ಕ.

“ಅಕ್ಕಾ, ನನ್ ಗಾಡೀಲಿ ಜನ ತವರಿಂದ ಬೀರು ತಂದವ್ರೆ, ಮಂಚ ತಂದವ್ರೆ. ಮಿಟ್ಟಿ ತಂದಿದ್ದು ನೀವೊಬ್ರೇ ನೋಡಿ!”

“ಬೀರು ಚಿಗುರ್ತದಾ ರಹಮತ್ತು?”

“ಚಿಗುರಲ್ಲ ಬುಡಿ. ತುಕ್ ಹಿಡೀತದೆ.”

ಸಸಿ ನೆಟ್ಟೆವು. ಮಳೆಗಾಲವೆಲ್ಲ ಅವ್ವನದೇ. ಸೋನೆ ಬಿದ್ದಾಗಲೆಲ್ಲ ಸಸಿಗಳು ಕಪ್ಪುಹಸಿರಾಗಿ ನಿಂತವು. ನೆಂಟರು ಬಂದರೆ ಅವ್ವ ಕಾಫಿ ಕೊಡುವ ಮೊದಲು ಮೂಲೆ ತುಂಡಿಗೆ ಕರೆದುಕೊಂಡು ಹೋಗುತ್ತಿದ್ದಳು. ನಾನೂ ಸ್ಕೂಲಿನಲ್ಲಿ ಜಂಬ ಕೊಚ್ಚಿದ್ದೆ. ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿತು. ಗುಂಡಿಯ ಮಣ್ಣು ಒಂದು ಗೇಣು ಕುಸಿಯಿತು. ಸಸಿಗಳು ಕುಡುಕರ ಹಾಗೆ ಒಂದೊಂದು ಕಡೆಗೆ ವಾಲಿದವು. ಅವ್ವನೂ ನಾನೂ ಕೊಡ ಹೊತ್ತು ನೀರು ಹಾಕಿದೆವು. ಬೆಳಗ್ಗೆ ಒಂದು ಕೊಡ, ಆಮೇಲೆ ಎರಡು, ಆಮೇಲೆ ಸಂಜೆಗೂ ಒಂದು. ಹಾಕಿದಷ್ಟೂ ಗರಿ ಹಳದಿಯಾಯಿತು. ಶಿವರಾತ್ರಿ ಹೊತ್ತಿಗೆ ಎಂಟು ಸಸಿ ಸತ್ತಿದ್ದವು. ಉಪವಾಸದ ಮಾರನೆಯ ದಿನ ಮುದ್ದೆಯ ಮುಂದೆ ಕೂತಾಗ ಅಪ್ಪ ಬಾಯಿಬಿಟ್ಟ.

“ನೋಡು, ನಾನ್ ಮಾತ್ ತಪ್ಪಲ್ಲ. ಭರಣಿ ಮಳೆಗಂಟ ಟೈಮು. ಅಷ್ಟರಾಗೆ ನಡುವೆ ಹೊಸಾ ಸುಳಿ ಎದ್ರೆ ನಿಂದು. ಏಳ್ಲಿಲ್ವಾ, ಮಳೆ ಬಿದ್ದ ಮಾರ್ನೆ ದಿನ ನೇಗ್ಲು ಕಟ್ತೀನಿ. ಇಡೀ ತುಂಡು ಉತ್ತು ರಾಗಿ ಚೆಲ್ತೀನಿ. ಆಮ್ಯಾಕೆ ಹೊಲದ್ ಮಾತು ನಿಂಗೆ ಬೇಡ.”

ಅವ್ವ ಸಾರು ಬಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಅಪ್ಪನಿಗೆ ಬಡಿಸಿ, ಅಜ್ಜಿಗೆ ಬಡಿಸಿ, ನನಗೆ ಬಡಿಸಿ, ಪಾತ್ರೆ ಕೆಳಗಿಟ್ಟು, “ಆಯ್ತು” ಅಂದಳು. ಅಷ್ಟೇ. ಅವ್ವ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ತಟ್ಟೆಗೂ ಮುದ್ದೆ ಹಾಕಿಕೊಂಡು ಕೂತಳು.

ಮಾರನೆಯ ಬೆಳಗ್ಗೆ ನನ್ನನ್ನು ಎಬ್ಬಿಸಿಕೊಂಡು ಹೋದಳು. ಸತ್ತ ಸಸಿಯೊಂದಕ್ಕೆ, ಬದುಕಬಹುದೇನೋ ಅಂತ, ಹಿಂದಿನ ಸಂಜೆ ನಾವೇ ಎರಡು ಕೊಡ ನೀರು ಹಾಕಿದ್ದ ಗುಂಡಿಯೊಳಗೆ ಇಳಿದು ಕೆದಕಿದಳು. ಮೇಲೆ ನಾಲ್ಕು ಬೆರಳು ಒದ್ದೆ. ಅದರ ಕೆಳಗೆ ಮಣ್ಣು ನಶ್ಯದ ಹಾಗೆ ಒಣಗಿತ್ತು. ಅವ್ವ ನಂಬಲಿಲ್ಲ. ನನ್ನ ಕೈಯಲ್ಲಿ ಒಂದು ಚೊಂಬು ನೀರು ಹೊಯ್ಯಿಸಿದಳು. ಆ ಒಣಮಣ್ಣಿನ ಮೇಲೆ ನೀರು ಕೆಸುವಿನೆಲೆಯ ಮೇಲೆ ಉರುಳುವ ಹಾಗೆ ಉರುಳಿ, ಗುಂಡಿಯ ಗೋಡೆಯ ಪಕ್ಕದ ಬಿರುಕು ಹಿಡಿದು ಇಳಿದುಹೋಯಿತು. ಅಂಗಳದಲ್ಲಿ ಗುಟುಕ್ಕನೆ ಕುಡಿದಿದ್ದ ಅದೇ ಮಣ್ಣು! ಕಾಡುಮಣ್ಣಿನ ಗುಣವೇ ಅದು. ಹಸಿ ಇರುವವರೆಗೆ ಎಷ್ಟು ಕೊಟ್ಟರೂ ಕುಡಿಯುತ್ತದೆ, ಒಂದು ಸಲ ಪೂರ್ತಿ ಒಣಗಿತೋ, ಮುನಿಸಿಕೊಂಡು ಬಾಯಿ ಮುಚ್ಚಿಬಿಡುತ್ತದೆ. ಇನ್ನೂ ಕೆಳಗೆ ಅಗೆದಾಗ ಅರೆಕೊಳೆತ ಎಲೆಕಡ್ಡಿಯ ನಡುವೆ ಗೆದ್ದಲು. ಸತ್ತ ಸಸಿಯ ಕಾಯಿಸಿಪ್ಪೆಯನ್ನು ತಿಂದು, ಒಳಗೆ ಬರೀ ಮಣ್ಣು ತುಂಬಿದ್ದವು. ಅವ್ವ ಗುಂಡಿಯೊಳಗೇ ಕುಕ್ಕರುಗಾಲಲ್ಲಿ ಕೂತಳು.

“ಬಚ್ಚಲ ನೀರು,” ಅಂದಳು ಆಮೇಲೆ, ನನಗಲ್ಲ, ಗುಂಡಿಗೆ. “ನುಗ್ಗೆಮರದ ನೆಳ್ಳು. ಅದುನ್ನ ಮರ್ತೇ ಬುಟ್ನಲ್ಲ.”

ಸಸಿ ಚೆನ್ನಾಗಿ ಬಂದಾಗ ಹೆಸರೆಲ್ಲ ಮಣ್ಣಿಗೆ ಕೊಟ್ಟಿದ್ದಳು. ದಿನಾ ಹರಿದ ಬಚ್ಚಲ ನೀರಿಗೂ ಮೇಲಿದ್ದ ನೆರಳಿಗೂ ಏನೂ ಕೊಟ್ಟಿರಲಿಲ್ಲ.

ಸತ್ತ ಸಸಿಯನ್ನು ಕೈಯಲ್ಲಿ ಹಿಡಿದು ಮನೆಗೆ ಬಂದಳು. ಅಜ್ಜಿ ಪೂಜೆಗೆ ಕೂತಿದ್ದಳು. ಅವ್ವ ನಡುಮನೆಯ ಬಾಗಿಲಲ್ಲಿ ನಿಂತು ಕಾದಳು. ಸೀರೆಯ ನೆರಿಗೆಯಿಂದ ಮಣ್ಣು ಉದುರುತ್ತಿತ್ತು. ಅಪ್ಪ ಸ್ಕೂಟರ್ ಒರೆಸುವುದನ್ನು ನಿಲ್ಲಿಸಿ ಒಳಗೆ ಬಂದ. ಅಜ್ಜಿ ಲಿಂಗವನ್ನು ಕಣ್ಣಿಗೊತ್ತಿ, ಕೊರಳಿಗೆ ಹಾಕಿಕೊಂಡು, ತಲೆಯೆತ್ತಿದಳು. ಅವ್ವ ಸಸಿಯನ್ನು ಅವಳ ಮುಂದೆ ಇಟ್ಟಳು.

“ಅತ್ತೆ, ನೀವು ಹೇಳಿದ್ದೇ ಸರಿ. ತಪ್ಪು ನಂದು. ಮಣ್ಣಿಂದಲ್ಲ, ನಂದು. ಈಗ ಹೆಂಗ್ ಮಾಡ್ಬೇಕು ಹೇಳಿ.”

ನಮ್ಮ ಮನೆಯಲ್ಲಿ ‘ತಪ್ಪು ನಂದು’ ಅನ್ನುವ ಮಾತನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅದೂ ತಲೆ ತಗ್ಗಿಸಿಕೊಂಡಲ್ಲ, ಸೊಪ್ಪಿನವಳ ಹತ್ತಿರ ಸೊಪ್ಪು ಕೇಳಿದ ಹಾಗೆ, ನೇರವಾಗಿ. ನಾನು ಒರಟು ಬಾಯಿಯವಳು ಅಂತ ಕಾಮೆಂಟಿನಲ್ಲಿ ಬರೆಯುವವರಿದ್ದಾರೆ. ನಾಜೂಕಿನ ಸುಳ್ಳು ನನ್ನ ಬಾಯಿಗೆ ಒಗ್ಗದೇ ಹೋದದ್ದು ಆ ಬೆಳಗ್ಗೆಯಿಂದ ಅಂತ ಕಾಣುತ್ತದೆ. ಅಜ್ಜಿ ಈಗ ಹಂಗಿಸುತ್ತಾಳೆ, ಇನ್ನು ಹತ್ತು ವರ್ಷ ಹಂಗಿಸುತ್ತಾಳೆ ಅಂದುಕೊಂಡೆ. ಅವಳು ಸಸಿಯ ಸಿಪ್ಪೆ ಚಿವುಟಿ ನೋಡಿದಳು.

“ಬೆಟ್ಟದಾಗೆ ಅದ್ರ ತಲೆ ಮೇಲೆ ಮರ ಐತೆ, ದಿನಾ ಎಲೆ ಉದುರ್ತದೆ, ಬಿಸ್ಲು ಬೀಳಲ್ಲ. ಇಲ್ಲಿ ತಂದು ಬೋಳು ಹೊಲ್ದಾಗೆ ಕೆಡವಿದೀಯ. ತವರ್ ಬುಟ್ ಬಂದಿರೋ ಹೆಣ್ಣು ಅದು. ಒಬ್ಳೇ ಬಾಳು ಅಂದ್ರೆ ಬಾಳ್ತದಾ?” ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನೀನೇನ್ಲಾ ನಿಂತ್ಕಂಡ್ ನೋಡ್ತೀಯ? ಗೋಡು ತರಾಕೆ ಎತ್ತಿನ್ ಗಾಡಿ ಕೊಡು.”

“ನನ್ ಮಾತು ನನ್ ಮಾತೇ ಕಣವ್ವ. ಭರಣಿ ಮಳೆಗಂಟ.”

“ಇಟ್ಕೊ ನಿನ್ ಮಾತ. ಗಾಡಿ ಕೊಡು ಅಂದೆ.”

ಆ ಬೇಸಿಗೆ ನಮ್ಮ ಮನೆಯಲ್ಲಿ ಸರಿಯಾದ ಅಡುಗೆ ಆಗಲಿಲ್ಲ. ಬೆಳಗಿನ ಮುದ್ದೆ, ಮಧ್ಯಾಹ್ನಕ್ಕೆ ಅದೇ ಮುದ್ದೆ ಮಜ್ಜಿಗೆಯಲ್ಲಿ ಕಿವುಚಿ. ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಅವ್ವ ಗೋಡಿನ ಹೆಂಟೆ ಎಬ್ಬಿಸಿ ಗಾಡಿಗೆ ತುಂಬುವಳು, ಹೊಲದಲ್ಲಿ ನಾನು ದೊಣ್ಣೆಯಲ್ಲಿ ಪುಡಿ ಮಾಡುವೆ. ಅಜ್ಜಿ, ತೋಟಕ್ಕೆ ಬರುವುದನ್ನೇ ಬಿಟ್ಟಿದ್ದವಳು, ಬದುವಿನ ಕಲ್ಲಿನ ಮೇಲೆ ತಲೆಗೆ ಸೆರಗು ಹೊದ್ದು ಕೂತಳು. ಉಳಿದ ಇಪ್ಪತ್ತನಾಲ್ಕು ಸಸಿಯನ್ನು ಬೇರಿನ ಮಣ್ಣು ಕಳಚದ ಹಾಗೆ ಒಂದೊಂದಾಗಿ ಎತ್ತಿ, ಹಸಿ ಗೋಣಿಯಲ್ಲಿ ಸುತ್ತಿ, ನೆರಳಿಗಿಟ್ಟು, ಗುಂಡಿ ಬರಿದು ಮಾಡಬೇಕು. ತಳಕ್ಕೆ ಬೂದಿ, ಒಂದು ಹಿಡಿ ಕಲ್ಲುಪ್ಪು, ಅದು ಗೆದ್ದಲಿಗೆ. ಅದರ ಮೇಲೆ ಕಾಯಿಮಟ್ಟೆಗಳನ್ನು ಬೊಗಸೆಯ ಹಾಗೆ ಬಾಯಿ ಮೇಲಾಗಿ ಜೋಡಿಸಬೇಕು, ಅದು ನೀರು ಹಿಡಿಯಲು. ಆಮೇಲೆ ಎರಡು ಪುಟ್ಟಿ ಗೋಡಿಗೆ ಎರಡು ಪುಟ್ಟಿ ಕಾಡುಮಣ್ಣು, ಒಂದು ಪುಟ್ಟಿ ಮರಳು, ಕೊಟ್ಟಿಗೆಯ ಹಳೇ ಗೊಬ್ಬರ, ಮಿದ್ದು ಮಿದ್ದು ಬೆರೆಸಿದ್ದು. ಗೋಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಡುಮಣ್ಣು ಬೇರಿಗೆ ದಾರಿ ಬಿಡುತ್ತದೆ. ಒಂದರ ಗುಣ ಇನ್ನೊಂದರ ದೋಷವನ್ನು ಮುಚ್ಚುತ್ತದೆ. ಬುಡಕ್ಕೆ ಗರಿ ಹೊದಿಕೆ, ದಕ್ಷಿಣಕ್ಕೆ ಗರಿಯ ತಟ್ಟಿ. ಈಗ ಮೂರು ಸಾಲಲ್ಲಿ ಬರೆದೆ. ಮಾಡುವಾಗ ಒಂದು ದಿನಕ್ಕೆ ಒಂದೂವರೆ ಗುಂಡಿ.

ಬೆರೆಸುವಾಗಲೂ ಅವರಿಬ್ಬರ ಜಗಳ ನಿಲ್ಲಲಿಲ್ಲ. ಅದು ನಿಂತಿದ್ದರೆ ನನಗೆ ಭಯವಾಗುತ್ತಿತ್ತು.

“ಅದೇನೇ ಅದು, ನಿನ್ ಮಣ್ಣು ಪುಟ್ಟಿ ತುಂಬ ಗೋಪುರ ಕಟ್ತೀಯ, ನನ್ ಗೋಡು ಬಾಯ್ ಮಟ್ಟಕ್ಕೆ ಹೊಡೀತೀಯ?”

“ನಿಮ್ದು ತೂಕ ಜಾಸ್ತಿ ಕಣತ್ತೆ.”

“ಹೂಂ ಕಣೇ, ನಮ್ ಕಡೇದು ಯಾವತ್ತೂ ತೂಕಾನೇ. ಮಗಾ, ನೀನ್ ಎಣಿಸ್ಕಂಡ್ ಹೇಳು, ನಿಮ್ಮವ್ವ ಮೋಸ ಮಾಡ್ತವ್ಳೆ.”

ನನ್ನ ಅಂಗೈಯ ಬೊಬ್ಬೆ ಒಡೆದಾಗ ಅವ್ವ ಅರಿಸಿನ ಹಚ್ಚಿ, ಬಟ್ಟೆ ಸುತ್ತಿ, ಮತ್ತೆ ದೊಣ್ಣೆ ಕೊಟ್ಟಳು. ಮನೆಗೆ ಹೋಗು ಅನ್ನಲಿಲ್ಲ, ನಾನೂ ಹೋಗುತ್ತೇನೆ ಅನ್ನಲಿಲ್ಲ. ಗೆಲ್ಲುತ್ತೇವೋ ಇಲ್ಲವೋ ಅನ್ನುವುದನ್ನು ಯಾರೂ ಮಾತಾಡಲಿಲ್ಲ. ಇವತ್ತಿನ ಗುಂಡಿ ಇವತ್ತು. ಕೊನೆಯ ಸಸಿ ನೆಟ್ಟಾಗ ಮೂರು ಸಸಿಗಳು ಎತ್ತಿದ್ದರ ನೋವಿಗೋ ಏನೋ ಸೋತು ಮಲಗಿದ್ದವು. ಇಪ್ಪತ್ತೊಂದು ನಿಂತಿದ್ದವು. ನಿಂತಿದ್ದವು ಅಷ್ಟೇ. ಸುಳಿ ಒಂದರಲ್ಲೂ ಅಲ್ಲಾಡಿರಲಿಲ್ಲ.

ಏಪ್ರಿಲ್ ಕೊನೆಗೆ ಭರಣಿ ಮಳೆ ಒಂದು ಸಂಜೆ ಗುಡುಗಿಕೊಂಡು ಬಂತು. ಬೇರೆ ವರ್ಷವಾದರೆ ಅಂಗಳಕ್ಕೆ ಓಡಿ ಕುಣಿಯುತ್ತಿದ್ದೆ. ಅವತ್ತು ಜಗಲಿಯ ಕಂಬ ಹಿಡಿದು, ನಿಲ್ಲು ಮಳೆಯೇ ನಿಲ್ಲು ಅಂದುಕೊಂಡೆ. ಬೆಳಗ್ಗೆ ಕೊಟ್ಟಿಗೆಯಲ್ಲಿ ಎತ್ತಿನ ಗಂಟೆ ಕೇಳಿತು. ಅಪ್ಪ ನೇಗಿಲು ಹೆಗಲಿಗೇರಿಸಿ, ಯಾರ ಮುಖವನ್ನೂ ನೋಡದೆ ಹೊರಟ. ಅವ್ವ ಒಲೆಯ ಮೇಲಿದ್ದ ಹಾಲಿನ ಪಾತ್ರೆಯನ್ನು ಇಳಿಸಿ ಹಿಂದೆ ನಡೆದಳು. ನಾನು ಅವಳ ಹಿಂದೆ. ಅಜ್ಜಿ ಪೂಜೆಯನ್ನು ಅರ್ಧಕ್ಕೆ ಬಿಡುವವಳಲ್ಲ, ಅವತ್ತು ಬೇಗ ಮುಗಿಸಿದಳು.

ಮೂಲೆ ತುಂಡಿನ ಬದುವಿನಲ್ಲಿ ಅಪ್ಪ ಎತ್ತು ನಿಲ್ಲಿಸಿದ. ನೇಗಿಲು ಇಳಿಸಿ ಒಬ್ಬನೇ ಒಳಗೆ ಹೋದ. ಮೊದಲ ಸಸಿಯ ಹತ್ತಿರ ಬಗ್ಗಿದ. ಬುಡದ ಗರಿ ಸರಿಸಿ, ಮಣ್ಣೊಳಗೆ ಬೆರಳು ಇಳಿಸಿದ. ಬೆರಳು ಪೂರ್ತಿ ಇಳಿಯಿತು, ಒದ್ದೆಯಾಗಿ ಹೊರಬಂತು. ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಬಿಡಿಸಿ ನೋಡಿದ. ಹಳೆಯ ಹಳದಿ ಗರಿಯ ನಡುವಿನಿಂದ ಹಸಿರು ಮೊನೆಯೊಂದು, ನನ್ನ ಕಿರುಬೆರಳಿನಷ್ಟು, ಎದ್ದಿತ್ತು. ಎರಡನೆಯದಕ್ಕೆ ಹೋದ. ಮೂರನೆಯದಕ್ಕೆ ಹೋದ. ಇಪ್ಪತ್ತೊಂದಕ್ಕೂ ಹೋದ. ಕೆಲವಕ್ಕೆ ಮೊನೆ ಬಂದಿತ್ತು, ಕೆಲವಕ್ಕೆ ಬಂದಿರಲಿಲ್ಲ. ಯಾವುದಕ್ಕೆ ಎಷ್ಟು ಅನ್ನುವುದು ಅವನ ಬೆನ್ನು ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅವ್ವ ಬದುವಿನಲ್ಲಿ ನಿಂತೇ ಇದ್ದಳು.

ಅಪ್ಪ ವಾಪಸ್ ಬಂದು ಎತ್ತಿನ ಕೊರಳಿಗೆ ನೊಗ ಹೂಡಿದ. ನೇಗಿಲ ಮೇಣಿಗೆ ಕೈ ಇಟ್ಟ. ಅವನು ಎತ್ತಿನ ಬಾಲ ಮುಟ್ಟುವ ಮೊದಲು ಅವ್ವನ ಕಡೆ ತಿರುಗಿದ.

“ಬುಡಕ್ಕೆ ಎಷ್ಟ್ ದೂರ ಬುಡ್ಬೇಕು?”

ಅವ್ವ ನೇಗಿಲನ್ನೂ ಅವನನ್ನೂ ನೋಡಿದಳು. ಅಜ್ಜಿ ಹಿಂದಿನಿಂದ, “ಕೇಳ್ತವ್ನಲ್ಲ, ಹೇಳೇ! ಹೊಲ ಯಾರ್ದು?” ಅಂದಳು.

“ಒಂದ್ ಮಾರು,” ಅಂದಳು ಅವ್ವ. “ಸುತ್ತಾನೂ. ನಡೀರಿ, ತೋರಿಸ್ತೀನಿ.”

ಅವಳು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. ಮೊದಲ ಸಸಿಯಿಂದ ಒಂದು ಮಾರು ಬಿಟ್ಟು, ಒದ್ದೆ ನೆಲದಲ್ಲಿ ಹಿಮ್ಮಡಿಯಿಂದ ಗೆರೆ ಎಳೆಯುತ್ತಾ ಹೋದಳು. ಅಪ್ಪ ಆ ಗೆರೆ ನೋಡಿಕೊಂಡು, ಎತ್ತು ಅತ್ತಿತ್ತ ಸರಿಯದ ಹಾಗೆ ಬಿಗಿ ಹಿಡಿದು, ಅವಳ ಹಿಂದೆ ಉಳುತ್ತಾ ಹೋದ.